ಹಡಗು ನಿಂತ ಬದಿಯಲ್ಲೇ ತಿಳಿನೀರು

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಕೇರಳಕ್ಕೆಲ್ಲ ಸೇರಿ 44 ಅಂತ ಲೆಕ್ಕ, ಅದರಲ್ಲಿ 12 ನಮ್ಮ ಪಾಲಿಗೆ. ಮಂಜೇಶ್ವರದಲ್ಲಿ ಬಸ್ಸು ಹತ್ತಿ ತೆಂಕಕ್ಕೆ ಹೊರಟರೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಂತ ಸೇತುವೆಯ ಹಿಂದೆ ಸೇತುವೆ. ಕ್ರೂಸ್ ಹಡಗು ನಿಂತ ಬಂದರಿನ ಹತ್ತಿರವೇ ಸ್ನಾರ್ಕೆಲಿಂಗ್ ಮಾಡುವ, ಅಂದರೆ ಗಾಜಿನ ಮಾಸ್ಕ್ ಹಾಕಿ, ಉಸಿರಾಡುವ ಕೊಳವೆ ಬಾಯಿಗೆ ಇಟ್ಟು, ಮುಖ ಮುಳುಗಿಸಿ ಮೀನು ನೋಡುವ ವಿಷಯ ಬರೆಯಲು ಕೂತವನು ಹೊಳೆಯ ಲೆಕ್ಕ ಯಾಕೆ ಹೇಳುತ್ತಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಉಂಟು. ನಮ್ಮ ಕಡಲಿನಲ್ಲಿ ಮುಖ ಮುಳುಗಿಸಿದರೆ ನಮ್ಮ ಕೈಯೇ ನಮಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಈ ಹೊಳೆಗಳೇ ಕಾರಣ. ಜೂನ್ ತಿಂಗಳಲ್ಲಿ ಯಾವುದಾದರೂ ಅಳಿವೆ ಬಾಗಿಲಿಗೆ ಹೋಗಿ ನಿಂತು ನೋಡಿ. ಮುರಕಲ್ಲಿನ ಗುಡ್ಡದ ಮಣ್ಣೆಲ್ಲ ಕರಗಿ ಬಂದು ಕಡಲು ಕಣ್ಣು ಹಾಯುವಷ್ಟು ದೂರ ಕೆಂಪಾಗಿರುತ್ತದೆ. ಮಳೆ ಬಿಟ್ಟ ಮೇಲೂ ಆ ಹುಡಿಮಣ್ಣು ಪೂರ್ತಿ ತಳ ಸೇರುವುದಿಲ್ಲ. ಒಂದು ತೆರೆ ಬಂದರೆ ಮತ್ತೆ ಎದ್ದು ಕಲಕುತ್ತದೆ.

ಹವಳಕ್ಕೆ ಬಿಸಿಲು ಬೇಕು, ಉಪ್ಪುನೀರು ಬೇಕು, ಆ ನೀರು ತಿಳಿಯಾಗಿಯೂ ಇರಬೇಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಅನ್ನ ಮಾಡಿ ಹವಳಕ್ಕೂ ಹಂಚುತ್ತದೆ. ನೀರು ಕಲಕಿದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಮೇಲಿಂದ ಮಣ್ಣು ಬಂದು ಕೂತರಂತೂ ಕಥೆ ಮುಗಿಯಿತು. ಹವಳ ಇಲ್ಲದ ಕಡೆ ಬಣ್ಣದ ಮೀನೂ ಕಡಿಮೆ. ಹಾಗಾಗಿ ಬೇರೆ ಊರಿನ ಬಂದರಿನಲ್ಲಿ ಇಳಿದು ಮೀನು ನೋಡಬೇಕು ಅಂತ ಇದ್ದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಒಳ್ಳೆ ಬೀಚು ಯಾವುದು ಅಂತ ಆಮೇಲೆ ಕೇಳಿ, ಇಲ್ಲಿ ಹೊಳೆ ಎಲ್ಲಿ ಕಡಲು ಸೇರುತ್ತದೆ ಅಂತ ಮೊದಲು ನೋಡಿ. ಫೋನಿನ ಮ್ಯಾಪಿನಲ್ಲೇ ಕಾಣುತ್ತದೆ. ಅಳಿವೆಯಿಂದ ಎಷ್ಟು ದೂರ ಹೋಗುತ್ತೀರೋ ನೀರು ಅಷ್ಟು ತಿಳಿ.

ನಾನು ಕೆಲವು ವರ್ಷ ಕ್ರೂಸ್ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕೆಲಸ ಮಾಡಿದವನು. ಮಂಗಳೂರು, ಕಾಸರಗೋಡು, ಗೋವಾ ಕಡೆಯ ಹುಡುಗರಿಗೆ ಇದೇನೂ ಹೊಸ ಕಸುಬಲ್ಲ. ಪ್ರಯಾಣಿಕರಿಗೆ ಬಂದರು ಅಂದರೆ ಇಡೀ ದಿನ. ನಮಗೆ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ರಾತ್ರಿಯದ್ದು ಶುರುವಾಗುವವರೆಗಿನ ಬಿಡುವು. ಅದೂ ಐಪಿಎಂ ಬೀಳದಿದ್ದರೆ. ಹಡಗು ಬಂದರಿನಲ್ಲಿದ್ದಾಗ ಬೆಂಕಿ ಗಿಂಕಿ ಹತ್ತಿದರೆ ಸಂಭಾಳಿಸಲು ಇಂತಿಷ್ಟು ಜನ ಕೆಳಗೆ ಇಳಿಯಲೇಬಾರದು ಅಂತ ಒಂದು ಪಾಳಿ ಇರುತ್ತದೆ, ಅದೇ ಐಪಿಎಂ. ಪಾಳಿ ಇಲ್ಲದ ದಿನ ಇಳಿದವರಲ್ಲಿ ಮುಕ್ಕಾಲು ಪಾಲು ಹುಡುಗರು ಹುಡುಕುವುದು ಪುಕ್ಕಟೆ ವೈಫೈ. ಮನೆಗೆ ವಿಡಿಯೋ ಕಾಲ್ ಮಾಡಿ, ಒಂದು ಬಿಯರ್ ಕುಡಿದು ವಾಪಸ್. ನೀರಿನ ಹುಚ್ಚು ಇದ್ದ ನಾವು ಕೆಲವರು ಮಾತ್ರ ಟವೆಲ್ಲಿನಲ್ಲಿ ಮಾಸ್ಕ್ ಸುತ್ತಿಕೊಂಡು ಓಡುತ್ತಿದ್ದೆವು. ಕೈಯಲ್ಲಿ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಕಡಿಮೆ ಖರ್ಚಿನಲ್ಲಿ, ಬಂದರಿನ ಹತ್ತಿರವೇ ನೋಡಿ ಬರದೆ ನಮಗೆ ಬೇರೆ ದಾರಿ ಇರಲಿಲ್ಲ.

ಹಾಗೆ ಓಡಾಡುವಾಗ ತಲೆಗೆ ಹೋದ ಸಂಗತಿ ಗಾಳಿಯದ್ದು. ಕೆರಿಬಿಯನ್ ಕಡಲಿನಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ಬೀಸುವುದು ಮೂಡಣದಿಂದ. ದ್ವೀಪದ ಮೂಡು ಬದಿಗೆ ತೆರೆ ಬಡಿಯುತ್ತಲೇ ಇರುತ್ತದೆ, ಪಡು ಬದಿ ನೆಲದ ಮರೆಯಲ್ಲಿ ಶಾಂತವಾಗಿರುತ್ತದೆ. ಈಗ ಬಂದರು ಕಟ್ಟಿದವರ ಲೆಕ್ಕ ನೋಡಿ. ಅಷ್ಟು ದೊಡ್ಡ ಹಡಗು ಅಲುಗಾಡದೆ ನಿಲ್ಲಬೇಕು. ಎಲ್ಲಿ ಕಟ್ಟುತ್ತಾರೆ? ಪಡು ಬದಿಯಲ್ಲೇ. ಮೆಕ್ಸಿಕೋದ ಕೊಝುಮೆಲ್, ಗ್ರ್ಯಾಂಡ್ ಕೇಮನ್‌ನ ಜಾರ್ಜ್‌ಟೌನ್, ಬೊನೇರ್‌ನ ಕ್ರಾಲೆಂಡೈಕ್, ಎಲ್ಲ ಪಡುವಣಕ್ಕೆ ಮುಖ ಮಾಡಿದ ಬಂದರುಗಳು. ಮುಖ ಮುಳುಗಿಸಿ ತೇಲುವವರಿಗೆ ಬೇಕಾದದ್ದೂ ಅದೇ ತೆರೆಯಿಲ್ಲದ ನೀರು. 2011ರಿಂದ ಈಚೆಗೆ ಸರ್ಗ್ಯಾಸಮ್ ಅನ್ನುವ ಕಡಲಪಾಚಿ ರಾಶಿ ರಾಶಿಯಾಗಿ ಬಂದು ದಡ ಸೇರುತ್ತಿದೆ. ಅದೂ ಜಾಸ್ತಿ ಬೀಳುವುದು ಮೂಡು ಬದಿಗೇ. ಟೂರ್ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತು ಹೋಗುವ ಜಾಗಕ್ಕಿಂತ ಪಿಯರಿನಿಂದ, ಅಂದರೆ ಹಡಗು ಕಟ್ಟುವ ಕಟ್ಟೆಯಿಂದ, ನಡೆದು ಹೋಗುವ ಜಾಗವೇ ಎಷ್ಟೋ ಸಲ ಚೆನ್ನಾಗಿರುವುದು ಇದಕ್ಕೇ. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ಹೇಳಿದರೆ ಮಾರಲು ಏನೂ ಉಳಿಯುವುದಿಲ್ಲ, ಅಲ್ವಾ?

ಹಡಗಿನವರು ಮಾರುವ ಸ್ನಾರ್ಕೆಲಿಂಗ್ ಟೂರ್ ಆ ಕಡೆ ತಲೆಗೆ 50 ಡಾಲರಿಗಿಂತ ಕಡಿಮೆಗೆ ಸಿಗುವುದು ಅಪರೂಪ. ನಾಲ್ಕು ಜನ ಹೊರಟರೆ 200. ಅದು ದಂಡ ಅಂತ ನಾನು ಹೇಳುವುದಿಲ್ಲ. ಆ ದುಡ್ಡಿಗೆ ಒಂದು ದೊಡ್ಡ ಭದ್ರತೆ ಸಿಗುತ್ತದೆ. ಅವರದ್ದೇ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. ಅದರ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಕೊನೆಯ ಗಳಿಗೆಯಲ್ಲಿ ಪಿಯರಿನ ಮೇಲೆ ಜನ ಓಡಿ ಬರುವುದನ್ನು ನೋಡಬೇಕು ನೀವು. ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಓಡುತ್ತಿರುತ್ತಾಳೆ, ಗಂಡ ಎರಡು ಚೀಲ ಹೊತ್ತು ಹಿಂದೆ. ಮೇಲಿನ ಡೆಕ್ಕಿನಲ್ಲಿ ಉಳಿದ ಪ್ರಯಾಣಿಕರು ಐಸ್‌ಕ್ರೀಮ್ ತಿನ್ನುತ್ತಾ ಚಪ್ಪಾಳೆ ತಟ್ಟುತ್ತಾರೆ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ನಿಮ್ಮದೇ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ನಮ್ಮ ಪಾಸ್‌ಪೋರ್ಟಿನವರಿಗೆ ಅದರ ಜೊತೆ ವೀಸಾದ ತಲೆಬಿಸಿ ಬೇರೆ.

ಗಡಿಯಾರದ ಗೊಂದಲವೂ ಉಂಟು. ಕೊಝುಮೆಲ್ ಇರುವ ಕಿಂತಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಗಂಟೆ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಮಯಾಮಿಯ ಗಂಟೆಯಲ್ಲೇ ನಡೆಯುವ ಹಡಗಿನಲ್ಲಿ ಬಂದವರ ಫೋನು ದಡ ಮುಟ್ಟಿದ ಕೂಡಲೇ ತನ್ನಷ್ಟಕ್ಕೆ ಊರಿನ ಗಂಟೆ ತೋರಿಸಲು ಶುರು ಮಾಡುತ್ತದೆ. ಇನ್ನೂ ಒಂದು ಗಂಟೆ ಇದೆ ಅಂತ ನೀರಿನಲ್ಲೇ ಇದ್ದವರಿಗೆ ಹಡಗಿನ ಬೆನ್ನು ಕಾಣುತ್ತದೆ. ಅದಕ್ಕೇ ಗ್ಯಾಲಿಯ ಹುಡುಗರೆಲ್ಲ ಕೈಗೆ ಅಗ್ಗದ ವಾಚು ಕಟ್ಟುತ್ತಿದ್ದೆವು, ಹಡಗಿನ ಗಂಟೆಗೆ ಇಟ್ಟದ್ದು. ಇಂದಿಗೂ ನನ್ನ ಸಲಹೆ ಅದೇ.

ಇನ್ನು ಜಾಗಗಳ ವಿಷಯ. ಬಾರ್ಬಡೋಸ್ ನನಗೆ ಎಲ್ಲಕ್ಕಿಂತ ಇಷ್ಟವಾದ ಬಂದರು. ಅಲ್ಲಿನ ಬೀಚುಗಳೆಲ್ಲ ಸಾರ್ವಜನಿಕ. ಹೋಟೆಲಿನ ಮುಂದಿನ ಮರಳೂ ಹೋಟೆಲಿನದ್ದಲ್ಲ. ಬ್ರಿಜ್‌ಟೌನ್ ಬಂದರಿನಿಂದ ಪೇಟೆಗೆ ಹೋಗುವಾಗ ಕೆನ್ಸಿಂಗ್ಟನ್ ಓವಲ್ ಹತ್ತಿರದಲ್ಲೇ ಸಿಗುತ್ತದೆ. 2024ರ ಜೂನ್ 29ರಂದು ನಮ್ಮವರು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಟಿ20 ವಿಶ್ವಕಪ್ ಎತ್ತಿದ್ದು ಅಲ್ಲೇ. ಈಗ ಹೋಗುವವರು ಅಲ್ಲೊಂದು ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗಲಾರರು, ಅದಕ್ಕೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಅಲ್ಲಿಂದ ಪೇಟೆ ದಾಟಿ, ದೋಣಿಗಳು ಸಾಲಾಗಿ ನಿಂತಿರುವ ಕೆರೀನೇಜಿನ ಸೇತುವೆ ದಾಟಿ, ಬೇ ಸ್ಟ್ರೀಟ್ ಹಿಡಿದು ನಡೆದರೆ ಕಾರ್ಲೈಲ್ ಬೇ. ಬಿಸಿಲಿಗೆ ನಡೆಯಲು ಮನಸ್ಸಿಲ್ಲದವರಿಗೆ ಬಸ್ಸಿದೆ. ಎಷ್ಟು ದೂರ ಹೋದರೂ 3.50 ಬಾರ್ಬಡೋಸ್ ಡಾಲರ್. ಅಲ್ಲಿನ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್ ಲೆಕ್ಕ.

ಕಾರ್ಲೈಲ್ ಬೇಯ ತಳದಲ್ಲಿ ಹಳೆ ಹಡಗುಗಳು ಮಲಗಿವೆ. ಅದರಲ್ಲಿ ಬರ್ವಿನ್ ಅನ್ನುವುದು 1919ರಲ್ಲಿ ಮುಳುಗಿದ ಫ್ರೆಂಚ್ ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು. ನೀರು ಅಲ್ಲಿ ಅಷ್ಟೇನೂ ಆಳ ಇಲ್ಲ. ಮೇಲೆ ತೇಲುತ್ತಿದ್ದರೂ ಅದರ ಮೈ ಪೂರಾ ಕಾಣುತ್ತದೆ. ಕಬ್ಬಿಣ ಎಲ್ಲಿ ಮುಗಿಯಿತು, ಹವಳ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ಹಳದಿ ಬೆನ್ನಿಗೆ ಕಪ್ಪು ಪಟ್ಟೆ ಬಳಿದುಕೊಂಡ ಸಾರ್ಜೆಂಟ್ ಮೇಜರ್ ಮೀನುಗಳು ಗುಂಪು ಕಟ್ಟಿಕೊಂಡು ಮಾಸ್ಕಿನ ಗಾಜಿನವರೆಗೂ ಬರುತ್ತವೆ. ಟೂರ್ ದೋಣಿಯವರು ತಿಂಡಿ ಹಾಕಿ ಹಾಕಿ ಅಭ್ಯಾಸ ಮಾಡಿಸಿದ್ದಾರೆ, ಅದು ಒಳ್ಳೆಯದಲ್ಲ. ಕಡಲಾಮೆಗಳೂ ಬರುತ್ತವೆ. ಆಮೆ ಉಸಿರಾಡಲು ಮೇಲೆ ಬಂದು, ತಲೆ ಹೊರಹಾಕಿ, ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮತ್ತೆ ಕೆಳಗೆ ಹೋಗುತ್ತದೆ. ನಮ್ಮ ಪಕ್ಕದಲ್ಲೇ ಹಾಡು ಹಾಕಿಕೊಂಡು ಬಂದ ಕಟಮರನ್ ದೋಣಿಯಿಂದ ಪ್ರಯಾಣಿಕರು ಧುಮುಕುತ್ತಿದ್ದರು. ಬೆಳಿಗ್ಗೆ ನಾವೇ ಅವರಿಗೆ ಆಮ್ಲೆಟ್ ಮಾಡಿ ಕೊಟ್ಟಿರುತ್ತಿದ್ದೆವು. ಅವರು ನೋಡುವುದೂ ಅದೇ ಬರ್ವಿನ್, ನಾವು ನೋಡುವುದೂ ಅದೇ ಬರ್ವಿನ್. ಜೆಟ್ ಸ್ಕೀ ಮತ್ತು ದೋಣಿಗಳ ಓಡಾಟ ಇರುವುದರಿಂದ ತೇಲುಬುರುಡೆ ಕಟ್ಟಿದ ಗೆರೆಯ ಒಳಗೇ ಇರಬೇಕು, ಇದು ಮಾತ್ರ ಗಟ್ಟಿಯಾಗಿ ನೆನಪಿಡಿ.

ಗ್ರ್ಯಾಂಡ್ ಕೇಮನ್‌ನಲ್ಲಿ ಹೊಳೆಯೇ ಇಲ್ಲ. ಸುಣ್ಣಕಲ್ಲಿನ ನೆಲ, ಮಳೆನೀರೆಲ್ಲ ಒಳಗೇ ಇಂಗಿ ಹೋಗುತ್ತದೆ. ದೊಡ್ಡ ಹಡಗು ದೂರ ನಿಂತು ಟೆಂಡರ್ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಅಲ್ಲಿಂದ ತೆಂಕಕ್ಕೆ ಸ್ವಲ್ಪ ನಡೆದರೆ ಈಡನ್ ರಾಕ್ ಅನ್ನುವ ಸ್ನಾರ್ಕೆಲಿಂಗ್ ಜಾಗ. ಇನ್ನೂ ಮುಂದೆ ಹೋದರೆ ಸ್ಮಿತ್ಸ್ ಕೋವ್ ಅನ್ನುವ ಪುಟ್ಟ ಸಾರ್ವಜನಿಕ ಕೊಲ್ಲಿ, ಒಳಗೆ ಹೋಗಲು ದುಡ್ಡಿಲ್ಲ. ಅರೂಬಾ ದ್ವೀಪದಲ್ಲಿ ಬಂದರಿನ ಎದುರಿಗೇ ಬಸ್ ನಿಲ್ದಾಣ, ಬಡಗು ದಿಕ್ಕಿನ ಬೀಚುಗಳ ಕಡೆ ಬಸ್ಸು ಹೋಗುತ್ತದೆ. ಅದರಲ್ಲಿ ಬೋಕಾ ಕ್ಯಾಟಲೀನಾ ನೋಡಬೇಕಾದ್ದು. ಕೊಝುಮೆಲ್‌ನಲ್ಲಿ ಪಡು ಬದಿಯ ಬೀಚ್ ಕ್ಲಬ್ಬುಗಳಲ್ಲಿ ಕೆಲವಕ್ಕೆ ಪ್ರವೇಶಕ್ಕೆ ದುಡ್ಡಿಲ್ಲ, ಏನಾದರೂ ತಿಂದು ಕುಡಿದರಾಯಿತು. ಅಲ್ಲಿ ನೀರಿನ ಸೆಳೆತ ಹೆಚ್ಚಾಗಿ ತೆಂಕಿನಿಂದ ಬಡಗಿಗೆ. ತೆಂಕು ತುದಿಯಲ್ಲಿ ಇಳಿದು ಸುಮ್ನೆ ತೇಲುತ್ತಾ ಬಡಗಿನಲ್ಲಿ ಹತ್ತಬೇಕು. ತಿರುಗಿ ಈಜುತ್ತೇನೆ ಅಂತ ಹೊರಟರೆ ಸುಸ್ತು.

ನಮ್ಮವರಲ್ಲಿ ಗಲ್ಫಿನಲ್ಲಿರುವವರೇ ಜಾಸ್ತಿ. ಕೆಂಪು ಸಮುದ್ರದ ಕಡೆಯ ಕ್ರೂಸ್ ಹಿಡಿಯುವವರಿಗೆ ಜೋರ್ಡಾನಿನ ಅಕಾಬಾ ಬಂದರು ಗೊತ್ತಿರಲಿ. ಜೋರ್ಡಾನಿಗೆ ಇರುವ ಕಡಲ ದಡವೇ 27 ಕಿ.ಮೀ. ಪೇಟೆಯಿಂದ ತೆಂಕಕ್ಕೆ ಟ್ಯಾಕ್ಸಿ ಹಿಡಿದರೆ ಸಾರ್ವಜನಿಕ ಬೀಚು, ದಡದಿಂದ ಕೆಲವೇ ಹೆಜ್ಜೆಗೆ ಹವಳ. ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ಒಂದೇ ಒಂದು ನದಿ ಬಂದು ಸೇರುವುದಿಲ್ಲ. ಮತ್ತೆ ಅಲ್ಲಿನ ನೀರು ಅಷ್ಟು ತಿಳಿ ಯಾಕೆ ಅಂತ ಕೇಳುವ ಹಾಗೇ ಇಲ್ಲ.

ಹೋದ ವರ್ಷ ಬದಿಯಡ್ಕದಿಂದ ಅಕ್ಕನ ಫೋನು. ಮಗ ಸಿಂಗಾಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದಾನೆ, ಪೆನಾಂಗ್, ಫುಕೆಟ್ ಅಂತೆಲ್ಲ ಉಂಟಂತೆ.

"ಅಲ್ಲ ಮಾರಾಯ, ನನಗೆ ಕೆರೆಯಲ್ಲಿ ಈಜು ಬರ್ತದೆ, ಕಡಲು ಅಂದ್ರೆ ಹೆದರಿಕೆ. ನಾನು ಇಳಿಯಬಹುದಾ?"

"ಕೆರೆಗಿಂತ ಸುಲಭ ಅಕ್ಕ. ಉಪ್ಪುನೀರು ತಾನೇ ಎತ್ತಿ ಹಿಡೀತದೆ. ಲೈಫ್ ಜಾಕೆಟ್ ಹಾಕ್ಕೊಂಡು ಮುಖ ಮಾತ್ರ ಅದ್ದು."

"ನಿನ್ನ ಭಾವ?"

"ಭಾವ ದಡದಲ್ಲಿ ಕೂತು ಚೀಲ ಕಾಯಲಿ. ಅದೇನು ಸಣ್ಣ ಕೆಲಸವಾ?"

ತಮಾಷೆಗೆ ಹೇಳಿದ್ದಲ್ಲ. ಸ್ವಂತವಾಗಿ ಹೋದವರಿಗೆ ಫೋನು, ಹಡಗಿನ ಕಾರ್ಡು, ದುಡ್ಡು ಎಲ್ಲಿಡುವುದು ಅನ್ನುವುದೇ ದೊಡ್ಡ ಸಮಸ್ಯೆ. ನೀರಿಗೆ ಇಳಿಯದ ಒಬ್ಬರು ಜೊತೆಯಲ್ಲಿದ್ದರೆ ಪುಣ್ಯ.

ಪೆನಾಂಗ್‌ನಲ್ಲಿ ಮೀನು ಹುಡುಕುವುದು ಬೇಡ ಅಂದೆ. ಮಲಾಕ್ಕಾ ಜಲಸಂಧಿಯ ಆ ನೀರು ನಮ್ಮ ಮೊಗ್ರಾಲಿನಷ್ಟೇ ಕಲಕು. ಅಲ್ಲಿ ನಾಸಿ ಕಂದರ್ ಅನ್ನುವ ಅನ್ನ-ಸಾರಿನ ಊಟ ತಿನ್ನಿ, ಪೇಟೆ ಸುತ್ತಿ. ಅಕ್ಕನಿಗೆ ತರಕಾರಿ ಊಟ ಬೇಕಾದರೆ ಲಿಟಲ್ ಇಂಡಿಯಾದಲ್ಲಿ ಸಿಗುತ್ತದೆ. ನೀರಿಗೆ ಇಳಿಯುವುದಿದ್ದರೆ ಫುಕೆಟ್. ಅಲ್ಲಿ ಹಡಗು ಒಂದೋ ಪಟಾಂಗ್ ಎದುರು ನಿಂತು ಟೆಂಡರ್ ಬಿಡುತ್ತದೆ, ಇಲ್ಲವೇ ಆವೊ ಮಾಖಾಮ್ ಬಂದರಿನಲ್ಲಿ ಕಟ್ಟುತ್ತದೆ. ಪಟಾಂಗ್ ಬೀಚಿನ ನಡುವೆ ಬರೀ ಮರಳು ಮತ್ತು ಗದ್ದಲ. ಕಟಾ ಬೀಚಿಗೆ ಹೋಗಿ, ಅಲ್ಲೂ ನಡುವೆ ಇಳಿಯಬೇಡಿ, ತುದಿಗೆ ಹೋಗಿ ಅಂದೆ. ಇದು ಎಲ್ಲ ಊರಿಗೂ ಸಲ್ಲುವ ಮಾತು. ಮರಳಿನ ಮೇಲೆ ಮೀನಿಗೆ ತಿನ್ನಲೂ ಏನಿಲ್ಲ, ಅಡಗಲೂ ಜಾಗ ಇಲ್ಲ. ಕೊಲ್ಲಿಯ ಎರಡು ಮೂಲೆಯಲ್ಲಿ ಪಾದೆಕಲ್ಲು ಇಳಿದು ಕಡಲು ಸೇರುತ್ತದಲ್ಲ, ಮೀನು ಇರುವುದು ಅಲ್ಲಿ. ನಮ್ಮೂರಲ್ಲಿ ಗಾಳ ಹಾಕುವವರು ಎಲ್ಲಿ ಕೂರುತ್ತಾರೆ ಅಂತ ನೆನಪು ಮಾಡಿಕೊಂಡರೆ ಸಾಕು.

ಫುಕೆಟ್‌ನ ಪಡು ಕಡಲಿಗೆ ಬೀಸುವುದೂ ನಮ್ಮದೇ ಮಳೆಗಾಳಿ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿನ ಬೀಚುಗಳಲ್ಲಿ ಕೆಂಪು ಬಾವುಟ ಹಾರುವುದು ಸಾಮಾನ್ಯ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ. ನಮ್ಮ ಬೋಟುಗಳನ್ನು ಕಟ್ಟಿಹಾಕಿರುವ ದಿನಗಳಲ್ಲಿ ಆ ಕಡಲಿನಲ್ಲೂ ಆಟ ಬೇಡ ಅಂತ ಲೆಕ್ಕ ಇಟ್ಟುಕೊಳ್ಳಿ. ಅಕ್ಕ ಹೋದದ್ದು ಜನವರಿಯಲ್ಲಿ, ಅದು ಅಲ್ಲಿಗೆ ಒಳ್ಳೆ ಕಾಲ. ಇನ್ನೊಂದು, ಕೆರಿಬಿಯನ್ನಿನಲ್ಲಿ ಉಬ್ಬರ ಇಳಿತ ಲೆಕ್ಕಕ್ಕೇ ಇಲ್ಲ, ಫುಕೆಟ್‌ನಲ್ಲಿ ಚೆನ್ನಾಗಿ ಉಂಟು. ನೀರು ಇಳಿದಾಗ ಹೋದರೆ ಹೊಟ್ಟೆ ಹವಳಕ್ಕೆ ಉಜ್ಜುತ್ತದೆ. ಉಬ್ಬರದ ಗಂಟೆ ನೋಡಿಕೊಂಡೇ ಹೊರಡಬೇಕು. ಟುಕ್‌ಟುಕ್‌ನವರ ದರ ಕೇಳಿ ಭಾವ ಬೆಚ್ಚಿಬಿದ್ದರಂತೆ. ಆಮೇಲೆ ಆ್ಯಪ್‌ನಲ್ಲಿ ಕಾರು ಹಿಡಿದರು, ಅದು ವಾಸಿ.

ಹೋಗುವ ಮೊದಲೇ ಮಾಸ್ಕ್ ಕೊಂಡುಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಾಡಿಗೆ ಮಾಸ್ಕಿನ ಕೊಳವೆ ಎಷ್ಟು ಜನರ ಬಾಯಿಗೆ ಹೋಗಿ ಬಂದದ್ದೋ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಅಳತೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರು ಎಳೆದುಕೊಳ್ಳಿ, ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಕೂದಲು ಒಳಗೆ ಸಿಕ್ಕಿಕೊಂಡರೆ ನೀರು ಸೋರುತ್ತದೆ. ಮೀಸೆ ಇದ್ದರೆ ಸೋರಿಯೇ ಸೋರುತ್ತದೆ, ಅದಕ್ಕೆ ಮೀಸೆಗೆ ವ್ಯಾಸಲಿನ್ ಹಚ್ಚಬೇಕು. ಗಾಜಿಗೆ ಹಬೆ ಕಟ್ಟದಿರಲು ಒಳಗೆ ಉಗುಳಿ ಬೆರಳಿನಿಂದ ತಿಕ್ಕಿ ತೊಳೆಯುವುದು ಹಳೆ ಉಪಾಯ. ಅಸಹ್ಯ ಅನ್ನುವವರು ಒಂದು ತೊಟ್ಟು ಬೇಬಿ ಶಾಂಪೂ ಹಾಕಬಹುದು. ಕನ್ನಡಕದವರಿಗೆ ನಂಬರಿನ ಗಾಜು ಹಾಕಿದ ಮಾಸ್ಕೂ ಸಿಗುತ್ತದೆ.

ಅಕ್ಕ ಅಭ್ಯಾಸ ಮಾಡಿದ್ದು ತೋಟದ ಕೆರೆಯಲ್ಲಿ. ಗುಡ್ಡ ಕೊರೆದ ಸುರಂಗದಿಂದ ನೀರು ಬಂದು ಬೀಳುವ ಕೆರೆ ಅದು, ಬೇಸಿಗೆಯಲ್ಲೂ ತಳ ಕಾಣುತ್ತದೆ. ಮೊದಲ ದಿನ ಕೊಳವೆ ಬಾಯಿಗೆ ಇಟ್ಟದ್ದೇ ಗಾಬರಿ, ಮೂಗಿನಲ್ಲೇ ಉಸಿರು ಎಳೆಯಲು ಹೋಗಿ ಎದ್ದು ಬಂದಳು. ಅದು ಎಲ್ಲರಿಗೂ ಆಗುವುದೇ. ನಿಧಾನಕ್ಕೆ ಬಾಯಲ್ಲಿ ಎಳೆದು ಬಾಯಲ್ಲೇ ಬಿಡುವುದು ಅಭ್ಯಾಸವಾದರೆ ಅರ್ಧ ಹೆದರಿಕೆ ಹೋಗುತ್ತದೆ. ಕೊಳವೆಗೆ ನೀರು ಹೊಕ್ಕರೆ ಫೂ ಅಂತ ಒಂದೇ ಸಲ ಜೋರಾಗಿ ಊದಬೇಕು. ಕಡಲಲ್ಲಿ ಇದನ್ನೆಲ್ಲ ಕಲಿಯಲು ಕೂತರೆ ಬಂದರಿನಲ್ಲಿ ಸಿಗುವ ಹೊತ್ತು ಅಲ್ಲಿಗೇ ಮುಗಿಯುತ್ತದೆ. ಬಟ್ಟೆಗೆ ಚಿಂತೆ ಬೇಡ, ಉದ್ದ ಕೈಯ ಈಜುವ ಅಂಗಿ ಮತ್ತು ಲೆಗ್ಗಿಂಗ್ಸ್ ಸಾಕು. ಬೆನ್ನು ಸುಡುವುದೂ ತಪ್ಪುತ್ತದೆ. ಮೈತುಂಬ ಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಕೂಡ ಕಡಿಮೆ ಬೇಕು. ಹವಳಕ್ಕೆ ಕೇಡು ಅಂತ ಕೆಲವು ರಾಸಾಯನಿಕ ಇರುವ ಸನ್‌ಸ್ಕ್ರೀನುಗಳನ್ನು ಪಲಾವು 2020ರಲ್ಲಿ, ಹವಾಯಿ 2021ರಲ್ಲಿ ನಿಷೇಧಿಸಿವೆ. ಥಾಯ್ಲೆಂಡ್ ತನ್ನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದೆ.

ಫುಕೆಟ್‌ನಿಂದ ಅಕ್ಕ ಕಳಿಸಿದ ವಾಯ್ಸ್ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. "ಕಟಕಟ ಕಟಕಟ ಅಂತ ಕೇಳ್ತದೆ ಮಾರಾಯ, ಕಡ್ಲೆ ಜಗಿದ ಹಾಗೆ. ಎಂತದು ಅದು?" ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳಕಲ್ಲು ಕೆರೆದು ತಿನ್ನುತ್ತದೆ. ಪಾಚಿ ಹೊಟ್ಟೆಗೆ, ಕಲ್ಲು ಹುಡಿಯಾಗಿ ಹಿಂದಿನಿಂದ ಹೊರಗೆ. ಹವಳದ ದ್ವೀಪಗಳಲ್ಲಿ ನಾವು ಕೂತು ಫೋಟೋ ತೆಗೆಸಿಕೊಳ್ಳುವ ಬಿಳಿ ಮರಳಿನಲ್ಲಿ ಒಳ್ಳೆ ಪಾಲು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು. ಇದನ್ನು ಹೇಳಿದ ಮೇಲೆ ಭಾವ ಮರಳಿನ ಮೇಲೆ ಟವೆಲ್ಲು ಹಾಸದೆ ಕೂರಲಿಲ್ಲವಂತೆ.

ನಮ್ಮೂರಲ್ಲಿ ಸ್ನಾರ್ಕೆಲಿಂಗ್ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಪಚ್ಚಿಲೆ, ಅಂದರೆ ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಜೀವಿ, ತೆಗೆಯುವವರನ್ನು ನೋಡಿದ್ದೀರಾ? ಮಳೆಗಾಲ ಕಳೆದು ಕಡಲು ಸ್ವಲ್ಪ ತಿಳಿಯಾದ ಮೇಲೆ, ಪಾದೆಕಲ್ಲು ಇರುವ ಕಡೆ ಇಳಿಯುತ್ತಾರೆ. ಕಣ್ಣಿಗೆ ಗಾಜು, ಕೈಯಲ್ಲಿ ಕಬ್ಬಿಣದ ಉಳಿ, ಸೊಂಟಕ್ಕೆ ಬಲೆಯ ಚೀಲ. ಒಂದೇ ಉಸಿರಿಗೆ ಮುಳುಗಿ ಕಲ್ಲಿನಿಂದ ಪಚ್ಚಿಲೆ ಎಬ್ಬಿಸಿ ತರುತ್ತಾರೆ. ತೆರೆ ಬಂದು ಕಲ್ಲಿಗೆ ಬಡಿದು ಹಿಂದೆ ಹೋಗುವ ಸಂದಿನಲ್ಲಿ ಮುಳುಗಬೇಕು, ಮುಂದಿನ ತೆರೆಗೆ ಮೊದಲು ಏಳಬೇಕು. ಇಂದು ನೀರು ಹೇಗಿದೆ ಅಂತ ಅವರು ದಡದಲ್ಲಿ ನಿಂತೇ ಹೇಳಬಲ್ಲರು. ಹೊಳೆಯ ನೀರು ಯಾವ ಕಡೆ ತಿರುಗಿದೆ, ಗಾಳಿ ಎಲ್ಲಿಂದ, ಕಲ್ಲು ಎಲ್ಲಿ. ನಾನು ಹಡಗು ಹತ್ತಿದ ಮೇಲೆ ಕಲಿತೆ ಅಂತ ಜಂಬದಿಂದ ಬರೆಯುತ್ತಿರುವುದೆಲ್ಲ ಅವರಿಗೆ ಮೊದಲೇ ಗೊತ್ತಿದ್ದದ್ದು. ಕೊಝುಮೆಲ್‌ಗೆ ಕರೆದುಕೊಂಡು ಹೋಗಿ ಬಿಟ್ಟರೆ ಯಾವ ಗೈಡೂ ಇಲ್ಲದೆ ಸರಿಯಾದ ಜಾಗಕ್ಕೆ ಇಳಿಯುತ್ತಾರೆ.

ಪಣಂಬೂರಿಗೆ ಕ್ರೂಸ್ ಹಡಗು ಬಂದ ದಿನ ಮಂಗಳೂರಿಗೆ ಹೋದರೆ ಇದೇ ಕಥೆಯನ್ನು ತಿರುಗಿಸಿ ನೋಡಬಹುದು. ಎಸಿ ಬಸ್ಸುಗಳು ಸಾಲಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕುದ್ರೋಳಿ ದೇವಸ್ಥಾನಕ್ಕೆ, ಗೋಡಂಬಿ ಕಾರ್ಖಾನೆಗೆ ಹೊರಡುತ್ತವೆ. ಟೂರ್ ತೆಗೆದುಕೊಳ್ಳದ ನಾಲ್ಕಾರು ಜನ ಹೊರಗೆ ಬಂದು ರಿಕ್ಷಾದವರ ಹತ್ತಿರ ದರ ಕೇಳುತ್ತಾ ನಿಂತಿರುತ್ತಾರೆ. ಪಣಂಬೂರು ಬೀಚು ಬಂದರಿನ ಪಕ್ಕದಲ್ಲೇ ಇದೆ ಅಂತ ಅವರಲ್ಲಿ ಎಷ್ಟು ಜನರಿಗೆ ಗೊತ್ತೋ. ನಾವು ಬೇರೆ ಊರಿನಲ್ಲಿ ಯಾರನ್ನು ಕೇಳಬೇಕು ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. ಗೇಟಿನ ಒಳಗೆ ಫಲಕ ಹಿಡಿದು ನಿಂತವರನ್ನಲ್ಲ, ಗೇಟು ದಾಟಿ ಮುಂದಿನ ಅಂಗಡಿಯವನನ್ನು ಕೇಳಿ. ಅವನ ಮಕ್ಕಳು ಭಾನುವಾರ ಎಲ್ಲಿ ಈಜಲು ಹೋಗುತ್ತಾರೆ ಅಂತ ಕೇಳಿ. ಟ್ಯಾಕ್ಸಿ ಹತ್ತುವ ಮೊದಲು ದರ ಮಾತಾಡಿ, ತಲೆಗೋ ಗಾಡಿಗೋ, ಯಾವ ಡಾಲರು ಅಂತಲೂ ಬಿಡಿಸಿ ಕೇಳಿ. ಬಾರ್ಬಡೋಸ್‌ಗೂ ಕೇಮನ್‌ಗೂ ತಮ್ಮದೇ ಡಾಲರು ಇದೆ.

ಇಷ್ಟೆಲ್ಲ ದೂರದ ಮಾತಾಯಿತು. ನಮಗೆ ಹತ್ತಿರದ ಹವಳ ಇರುವುದು ಲಕ್ಷದ್ವೀಪದಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಬಡಗಿನ ದ್ವೀಪಗಳು 1956ರವರೆಗೆ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಲೆಕ್ಟರು ಕೂರುತ್ತಿದ್ದದ್ದು ಮಂಗಳೂರಿನಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಕಾಸರಗೋಡಿನ ಗಾಯದ ಬಗ್ಗೆ ನಾವು ಎಷ್ಟೋ ಬರೆದುಕೊಂಡಿದ್ದೇವೆ. ಜೊತೆಯಲ್ಲೇ ಜಿಲ್ಲೆ ಬಿಟ್ಟು ಹೋದ ಈ ಐದು ದ್ವೀಪಗಳನ್ನು ನೆನೆಯುವವರು ಕಡಿಮೆ. ಮಂಗಳೂರಿನ ಬಂದರಿನಿಂದ ಮಂಜಿ ಅನ್ನುವ ಸರಕಿನ ದೋಣಿಗಳಲ್ಲಿ ಅಕ್ಕಿ, ಜಲ್ಲಿ, ತರಕಾರಿ ಅಲ್ಲಿಗೆ ಹೋಗುವ ವ್ಯಾಪಾರ ಮಾತ್ರ ಗಡಿ ಬದಲಾಯಿತು ಅಂತ ನಿಲ್ಲಲಿಲ್ಲ.

ಲಕ್ಷದ್ವೀಪದ ಸ್ಪೋರ್ಟ್ಸ್ ಅನ್ನುವ ಸರಕಾರಿ ಪ್ರವಾಸ ಸಂಸ್ಥೆಯ 'ಸಮುದ್ರಂ' ಪ್ಯಾಕೇಜು ನನ್ನ ಲೆಕ್ಕದಲ್ಲಿ ನಮ್ಮವರಿಗೆ ಸರಿಯಾದ ಕ್ರೂಸ್. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಹೀಗೆ ದಿನಕ್ಕೊಂದು. ಐಷಾರಾಮಿ ಹಡಗಿನ ಈಜುಕೊಳ, ನಾಟಕಶಾಲೆ ಹುಡುಕಬೇಡಿ. ಹಡಗು ಹವಳದ ದಿಬ್ಬದ ಹೊರಗೆ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಒಂದು ಗಳಿಗೆ ಮೇಲೆ, ಒಂದು ಗಳಿಗೆ ಕೆಳಗೆ. ದೋಣಿಯವರು ಮೇಲೆ ಬಂದ ಹೊತ್ತಿಗೆ ಸರಿಯಾಗಿ ನಿಮ್ಮ ಎರಡೂ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ. ಆಗ ಕೈಯಲ್ಲಿ ಚೀಲ, ಮೊಬೈಲು ಹಿಡಿದುಕೊಳ್ಳಬೇಡಿ. ಒಮ್ಮೆ ದಿಬ್ಬ ದಾಟಿ ಲಗೂನಿನ, ಅಂದರೆ ದಿಬ್ಬದ ಮರೆಯಲ್ಲಿರುವ ನೀರಿನ, ಒಳಗೆ ಹೊಕ್ಕರೆ ಆಮೇಲೆ ತೆರೆಯೇ ಇಲ್ಲ. ಹೊಳೆಯೂ ಇಲ್ಲ, ದ್ವೀಪಗಳು ಅಷ್ಟು ಸಣ್ಣವು. ಸೊಂಟದವರೆಗಿನ ನೀರಿನಲ್ಲೇ ಮೀನು ಕಾಣುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿಯೋ ಶೂವೋ ಇರಲಿ, ಹವಳದ ತುಂಡು ಚುಚ್ಚುತ್ತದೆ. ಜೀವ ಇರುವ ಹವಳದ ಮೇಲೆ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ. ಅದು ಬೆಳೆದು ಬರಲು ವರ್ಷಗಟ್ಟಲೆ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಫೋಟೋದಲ್ಲಿ ಕಾಣುವಷ್ಟು ಬಣ್ಣದ ಹವಳ ಎಲ್ಲ ಕಡೆ ಸಿಗುವುದಿಲ್ಲ. ಕಡಲು ವಿಪರೀತ ಬಿಸಿಯಾಗಿ 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಬಿಸಿಗೆ ಒಳಗಿನ ಪಾಚಿ ಬಿಟ್ಟು ಹೋದರೆ ಹವಳ ಬೆಳ್ಳಗಾಗುತ್ತದೆ, ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಎಷ್ಟೋ ಕಡೆ ಬೂದು ಕಲ್ಲಿನ ಮೇಲೆ ಪಾಚಿ ಕಟ್ಟಿರುವುದೇ ಕಾಣುತ್ತದೆ. ಮೀನು ಇದೆ, ಆಮೆ ಇದೆ, ನೀರಂತೂ ಗಾಜು. ನೋಡಬೇಕು ಅಂತ ಇದ್ದವರು ತಡ ಮಾಡುವುದು ಬೇಡ ಅಂತ ನನ್ನ ಅಭಿಪ್ರಾಯ.

ಅಲ್ಲಿಗೆ ಹೋಗಲು ಪರ್ಮಿಟ್ ಬೇಕು, ಪ್ಯಾಕೇಜಿನವರು ಅದರ ಕೆಲಸ ನೋಡಿಕೊಳ್ಳುತ್ತಾರೆ. ಮಳೆಗಾಲ ಕಳೆದ ಮೇಲೆ ಹೊರಡೋಣ ಅಂತ ಅಕ್ಕ ಈಗಲೇ ನನ್ನ ಬೆನ್ನು ಬಿದ್ದಿದ್ದಾಳೆ, ಫಾರ್ಮು ನಾನೇ ತುಂಬಿಸಿ ಕೊಡಬೇಕಂತೆ. ಭಾವ ಈ ಸಲ ಚೀಲ ಕಾಯಲು ತಯಾರಿಲ್ಲ. ಅವರಿಗೂ ಒಂದು ಮಾಸ್ಕ್ ತರಿಸಿ ಆಗಿದೆ. ಮೀಸೆಗೆ ವ್ಯಾಸಲಿನ್ ಹಚ್ಚಲು ಮಾತ್ರ ಏನು ಮಾಡಿದರೂ ಒಪ್ಪುತ್ತಿಲ್ಲ.